ಕೈ ನೋಡಿ ಕೂಡಿಸಿದ ಆಟದ ಪೆಟ್ಟಿಗೆಗಳು

ಸಿಂಧನೂರಿನ ನನ್ನ ಅಂಗಡಿಯ ಶಟರ್ ಎಳೆದು ಈಗ ಮನೆಯಲ್ಲಿ ಕೂತಿದ್ದೇನೆ. ಕಣ್ಣು ಮಂದವಾಗಿದೆ. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕಲು ಹೋದರೆ ಕೈ ಮಾತು ಕೇಳುವುದಿಲ್ಲ. ಆದರೂ ಜನ ಮನೆ ಹುಡುಕಿಕೊಂಡು ಬರುತ್ತಾರೆ. ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿ, "ಅಕ್ಕಾರ, ಇಂಥದ್ದೊಂದು ಗೇಮ್ ಪೆಟ್ಟಿಗಿ ಮನ್ಯಾಗ ಮಾಡ್ಬೇಕಂತ ಮಾಡೀವಿ. ಜಾಯ್‌ಸ್ಟಿಕ್ ಯಾವುದು ತರಸೂಣು, ಬಟನ್ ಯಾವುದು ತರಸೂಣು?" ಎಂದು ಕೇಳುತ್ತಾರೆ.

"ಆಡೋರು ಯಾರು?" ಎನ್ನುತ್ತೇನೆ ನಾನು.

ಮುಖ ಮುಖ ನೋಡಿಕೊಳ್ಳುತ್ತಾರೆ. ಕಂಪನಿ ಯಾವುದು, ಬಣ್ಣ ಯಾವುದು, ಒಳಗೆ ಲೈಟ್ ಹತ್ತುತ್ತದೋ ಇಲ್ಲವೋ ಎಲ್ಲ ವಿಚಾರಿಸಿರುತ್ತಾರೆ. ಆಡುವವರ ಕೈಯನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸದಲ್ಲಿ ಬಡ್ತಿ ಇರಲಿಲ್ಲ, ಸನ್ಮಾನವಂತೂ ಇರಲೇ ಇಲ್ಲ. ಹೆಣ್ಣುಮಗಳು ಟಿವಿ ಬಿಚ್ಚುತ್ತಾಳೆ ಎಂದು ನಕ್ಕರು. ಊರ ಹುಡುಗರನ್ನು ಕೆಡಿಸುವ ಪೆಟ್ಟಿಗೆ ಮಾಡುತ್ತಾಳೆ ಎಂದು ಬೈದರು. ನಾನು ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ದುಡಿದು ಬಂದವನೊಬ್ಬ ಸ್ವಲ್ಪ ಹೊತ್ತು ನಿಂತು ಆಡಿ ನಕ್ಕು ಹೋದರೆ ಯಾರ ಗಂಟು ಹೋಗುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಪಾಮನಕಲ್ಲೂರಿನವಳು, ಹೆಸರು ಮಹಾದೇವಿ. ಲಿಂಗಸುಗೂರಿನಲ್ಲಿ ರೇಡಿಯೋ, ಟಿವಿ ರಿಪೇರಿ ಕಲಿತು ಸಿಂಧನೂರಿನ ಖಾಜಾಸಾಹೇಬರ ಅಂಗಡಿಗೆ ಕೆಲಸಕ್ಕೆ ಸೇರಿದೆ. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಗಿರಾಕಿಯೊಬ್ಬ ಟಿವಿ ತಂದಿಟ್ಟು ನನ್ನನ್ನು ನೋಡಿ, "ಉಸ್ತಾದ್, ಈ ಹುಡುಗಿ ಕೈಯಾಗ ಕೊಡಬ್ಯಾಡ್ರಿ, ಪಿಕ್ಚರ್ ಟ್ಯೂಬ್ ಒಡದಾಳು" ಎಂದ.

"ಹಂಗಾರ ಬ್ಯಾರೆ ಅಂಗಡಿ ನೋಡ್ಕೋರಿ. ನಮ್ಮಲ್ಲಿ ಟ್ಯೂಬ್ ಬಿಚ್ಚಾಕಿ ಈಕೀನ" ಎಂದರು ಉಸ್ತಾದ್. ಸುಳ್ಳು. ಅಲ್ಲಿಯವರೆಗೆ ಅವರು ನನಗೆ ಟ್ಯೂಬ್ ಮುಟ್ಟಲೂ ಕೊಟ್ಟಿರಲಿಲ್ಲ. ಗಿರಾಕಿ ಹೋದ ಮೇಲೆ ಸ್ಕ್ರೂಡ್ರೈವರ್ ನನ್ನ ಕಡೆ ಸರಿಸಿ, "ಅಂದ್ಬಿಟ್ಟೀನಿ ಬೇಟಿ, ಇನ್ನ ನೀ ಮಾಡ್ಲೇಬೇಕು" ಎಂದರು.

ಒಂದು ದಿನ ಹೈದರಾಬಾದಿನಿಂದ ಬಂದ ಆಟದ ಪೆಟ್ಟಿಗೆಯೊಂದು ರಿಪೇರಿಗೆ ಬಂತು. ನೋಡದವರಿಗೆ ಹೇಳುತ್ತೇನೆ: ಅದು ಆಳೆತ್ತರದ ಕಟ್ಟಿಗೆಯ ಕಪಾಟು. ಮೇಲೆ ಒಂದು ಟಿವಿ, ಅದರ ಕೆಳಗೆ ಮುಂದಕ್ಕೆ ಚಾಚಿದ ಹಲಗೆ. ಹಲಗೆಯ ಎಡಕ್ಕೆ, ಪರದೆಯ ಮೇಲಿನ ಗೊಂಬೆಯನ್ನು ಓಡಿಸುವ ಕೋಲು. ಬಲಕ್ಕೆ, ಹೊಡೆಯಲು ಹಾರಲು ಒತ್ತುವ ಗುಂಡಿಗಳು. ಈ ಪೆಟ್ಟಿಗೆಯ ಕೋಲು ಮುರಿದಿತ್ತು, ಗುಂಡಿಗಳು ಸತ್ತಿದ್ದವು. ಬಿಡಿಭಾಗ ಸಿಗುವ ಊರು ನಮ್ಮ ಸುತ್ತ ಯಾವುದೂ ಇರಲಿಲ್ಲ.

ಕೋಲಿಗೆ ಉಸ್ತಾದ್ ಉಪಾಯ ಮಾಡಿದರು. ತೊಟ್ಟಿಲು ಮಾಡುವ ಬಡಿಗೇರರ ಹತ್ತಿರ ಹೋಗಿ, ತೊಟ್ಟಿಲ ಮೂಲೆಗೆ ಹಚ್ಚುವಂಥ ಉರುಟು ಗುಂಡು ಕಡೆಸಿ ತಂದು ಕಬ್ಬಿಣದ ಸರಳಿನ ತುದಿಗೆ ಕೂಡಿಸಿದರು. ಅದು ಎಷ್ಟು ನುಣುಪಾಗಿತ್ತೆಂದರೆ ಆಡುವವರು ಆಟ ಮುಗಿದ ಮೇಲೂ ಅದರ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಗುಂಡಿಗಳಲ್ಲಿ ಮಾತ್ರ ಅವರು ಎಡವಿದರು. ಮನೆ ಬಾಗಿಲ ಕರೆಗಂಟೆಯ ಸ್ವಿಚ್ಚುಗಳನ್ನು ಚೀಲಗಟ್ಟಲೆ ತಂದಿದ್ದರು, ಅವನ್ನೇ ಕೂಡಿಸಿದರು. ಕರೆಗಂಟೆಯನ್ನು ಬಂದವನು ಒಮ್ಮೆ ಒತ್ತುತ್ತಾನೆ. ಆಟದವನು ಒಂದೇ ಸಮನೆ ಬಡಿಯುತ್ತಾನೆ. ಪರೀಕ್ಷೆಗೆಂದು ಅಂಗಡಿಯಲ್ಲೇ ಬಂದವರಿಗೆ ಆಡಲು ಬಿಟ್ಟೆವು, ಸಂಜೆಯಾಗುವುದರೊಳಗೆ ಆಡಿದವರ ಹೆಬ್ಬೆರಳು ಬಾತಿದ್ದವು.

"ಉಸ್ತಾದ್, ಈ ಸ್ವಿಚ್ ಭಾಳ ಬಿರುಸು ಅದಾವ" ಎಂದೆ.

"ಸ್ವಿಚ್ ಬಿರುಸಿಲ್ಲ, ಈಗಿನ ಹುಡುಗರು ಮೆತ್ತಗ ಅದಾರ" ಎಂದರು.

ವಾದ ಮಾಡಿ ಗೆಲ್ಲಬಹುದಾದ ಮನುಷ್ಯ ಅಲ್ಲ ಅವರು. ನಾನು ಒಂದು ಅಕ್ಕಿ ಗಿರಣಿಯ ಹಳೇ ಸಾಮಾನಿನಲ್ಲಿ ಪುಟ್ಟ ಮೈಕ್ರೋಸ್ವಿಚ್ಚುಗಳನ್ನು ಹುಡುಕಿ ತಂದೆ. ಬೆರಳು ತಾಗಿದರೆ ಸಾಕು, ಟಕ್ ಎನ್ನುತ್ತವೆ. ಅಷ್ಟರಲ್ಲಿ ಅಂಥದೇ ಇನ್ನೊಂದು ಪೆಟ್ಟಿಗೆಯೂ ರಿಪೇರಿಗೆ ಬಂದಿತ್ತು. ಎರಡರಲ್ಲಿ ಒಂದಕ್ಕೆ ಅವನ್ನು ಹಾಕಿ, ಇನ್ನೊಂದನ್ನು ಉಸ್ತಾದರ ಕರೆಗಂಟೆಗೇ ಬಿಟ್ಟೆ. ಮರುದಿನ ನನ್ನ ಪೆಟ್ಟಿಗೆಯ ಮುಂದೆ ಸಾಲು, ಅವರದರ ಮುಂದೆ ಯಾರೂ ಇಲ್ಲ. ಉಸ್ತಾದ್ ಬಹಳ ಹೊತ್ತು ಎರಡನ್ನೂ ನೋಡಿ, ತಾವೇ ಹೋಗಿ ಸಾಲಿನಲ್ಲಿ ನಿಂತರು. ಆಡಿ ಮುಗಿಸಿ ಬಂದು, "ರಿಪೇರಿಗಿಂತ ಮೊದ್ಲ ಆಡಿ ನೋಡ್ಬೇಕು ಬೇಟಿ. ನಾನು ಆಡಿದ್ದಿಲ್ಲ" ಎಂದರು. ಕರೆಗಂಟೆಯ ಚೀಲ ಆಮೇಲೆ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಈಗ ಅಂಗೈಯಗಲದ ಕಂಪ್ಯೂಟರ್ ಹಲಗೆಯಲ್ಲಿ ಹಳೆಯ ಆಟಗಳೆಲ್ಲ ಹಿಡಿಯುತ್ತವೆ. ಆಗ ಒಂದು ಪೆಟ್ಟಿಗೆಗೆ ಒಂದೇ ಆಟ. ಆಟ ಬದಲಾದರೆ ಕೋಲಿನ ಗುಣವೂ ಬದಲಾಗಬೇಕಿತ್ತು. ಓಣಿಯೊಳಗೆ ಓಡುವ ಆಟಕ್ಕೆ ಕೋಲು ನಾಲ್ಕು ದಿಕ್ಕಿಗೆ ಮಾತ್ರ ಹೋಗಬೇಕು. ಮೂಲೆಗೆ ಜಾರಿದರೆ ಗೊಂಬೆ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಗುದ್ದಾಟಕ್ಕೆ, ವಿಮಾನದ ಆಟಕ್ಕೆ ಮೂಲೆಗಳೂ ಬೇಕು. ಕೋಲಿನ ಬುಡದಲ್ಲಿರುವ ಚಿಕ್ಕ ತಡೆಪಟ್ಟಿಯನ್ನು ತಿರುಗಿಸಿ ಹಾಕಿದರೆ ಈ ಬದಲಾವಣೆ ಆಗುತ್ತದೆ. ತರಿಸುವಾಗ ಆ ಪಟ್ಟಿ ತಿರುಗುತ್ತದೋ ಇಲ್ಲವೋ ಕೇಳಿ ತರಿಸಿರಿ. ಕೆಂಪು ನೀಲಿ ಲೈಟಿನ ಮಾತು ಆಮೇಲೆ.

ಉಸ್ತಾದ್ ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ರಿಪೇರಿಯ ಜೊತೆಗೆ ಸುತ್ತಲಿನ ಗೇಮ್ ಅಂಗಡಿಗಳಿಗೆ ಹೊಸ ಪೆಟ್ಟಿಗೆಗಳನ್ನೂ ಮಾಡಿಕೊಡತೊಡಗಿದೆ. ಕಪಾಟು ಮಾಡುವ ಕೆಲಸ, ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಿಮಲ್ ಎಂಬ ಬಡಗಿಯದು. ಅವನು ಹುಟ್ಟಿ ಬೆಳೆದದ್ದು ಕ್ಯಾಂಪಿನಲ್ಲೇ. ಒಮ್ಮೆ ಅಗ್ಗವಾಗುತ್ತದೆಂದು ಕಟ್ಟಿಗೆ ಪುಡಿ ಒತ್ತಿದ ಹಲಗೆ ತಂದು ನಾಲ್ಕೈದು ಪೆಟ್ಟಿಗೆ ಮಾಡಿದ. ಭತ್ತದ ಗದ್ದೆಗೆ ನೀರು ಬಿಟ್ಟ ದಿನಗಳು. ಸುತ್ತಲಿನ ತಂಪಿಗೆ ಹಲಗೆ ಉಬ್ಬಿ ಒಂದೊಂದು ಗುಂಡಿಯೂ ಸಿಕ್ಕಿಕೊಂಡಿತು. ಒತ್ತಿದರೆ ಒಳಗೆ ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಬಿಮಲ್ ಒಂದನ್ನು ಒತ್ತಿ ನೋಡಿ, "ದೀದಿ, ಇದು ಆಟ ಅಲ್ಲ, ಇಲಿ ಬೋನು ಆಗ್ಯಾದ" ಎಂದ. ನಾವಿಬ್ಬರೂ ನಕ್ಕೆವು. ನಕ್ಕು ಎಲ್ಲವನ್ನೂ ಒಡೆದು ಗಟ್ಟಿ ಪ್ಲೈವುಡ್‌ನಲ್ಲಿ ಮತ್ತೆ ಮಾಡಿದೆವು. ಪ್ಲೈವುಡ್ ದಪ್ಪ ಇರುವುದರಿಂದ ಗುಂಡಿಯ ಕುತ್ತಿಗೆಯೂ ಉದ್ದ ಇರಬೇಕು, ಕೆಳಗಿನಿಂದ ತಿರುಪು ಬಿಗಿಯುವಂತಿರಬೇಕು. ಗಿಡ್ಡ ಕುತ್ತಿಗೆಯ ಗುಂಡಿಗಳು ತಗಡಿನ ಹಲಗೆಗೆ ಸರಿ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಮೋಸ ಹೋಗಬೇಡಿ.

ಇನ್ನು ಮಸ್ಕಿಯ ವಿರುಪಣ್ಣನ ವಿಷಯ. ಅವನದು ಮಸ್ಕಿಯಲ್ಲಿ ಗೇಮ್ ಅಂಗಡಿ. ನನ್ನ ದೊಡ್ಡ ಗಿರಾಕಿ. ಒಂದು ದಿನ ಬಂದು ಕುರ್ಚಿ ಎಳೆದುಕೊಂಡು ಕೂತು, "ಅಕ್ಕಾ, ಈ ಹೊಡೆದಾಟ, ವಿಮಾನ ಎಲ್ಲಾ ಸಾಕು. ಮೂರು ಚಿತ್ರ ಗರಗರ ತಿರಗಬೇಕು, ಒಂದಕ್ಕೊಂದು ಕೂಡಿದ್ರ ಕೆಳಗ ರೊಕ್ಕ ಬೀಳಬೇಕು. ಅಂಥದ್ದು ಮಾಡಿಕೊಡು" ಎಂದ.

"ಕೂಡೋದು ಆಡೋನ ಕೈಯಾಗ ಇರ್ತೈತೇನು?" ಎಂದು ಕೇಳಿದೆ.

"ಅದು ನಮ್ಮ ಕೈಯಾಗ ಇರಬೇಕು. ಅದಕ್ಕ ನಿನ್ನತ್ರ ಬಂದೀನಿ."

"ಹಂಗಾದ್ರ ಅದಕ್ಕ ಕೋಲು ಯಾಕ, ಗುಂಡಿ ಯಾಕ? ಆಡೋನು ಯಾಕ? ನಾ ಮಾಡಂಗಿಲ್ಲ ವಿರುಪಣ್ಣ."

ಅವನು ನಕ್ಕ. "ನೀ ಏನು ಗುಡಿ ಕಟ್ಟಾಕತ್ತೀಯೇನು? ನೀ ಮಾಡ್ಲಿಲ್ಲಂದ್ರ ಇನ್ನೊಬ್ಬ ಮಾಡ್ತಾನ. ಆಮ್ಯಾಲ ಈ ಮೂರೂರಾಗ ನಿನ್ನ ಪೆಟ್ಟಿಗಿ ಯಾರು ಇಡ್ತಾರ ನೋಡ್ತೀನಿ."

"ನೋಡು" ಎಂದೆ.

ಅವನು ಹೇಳಿದಂತೆಯೇ ಮಾಡಿದ. ಪೆಟ್ಟಿಗೆಯನ್ನು ಬೇರೆ ಕಡೆಯಿಂದ ತರಿಸಿದ. ನನ್ನ ಪೆಟ್ಟಿಗೆಗಳಲ್ಲಿ ಜೂಜು ನಡೆಯುತ್ತದೆ ಎಂದು ಸುದ್ದಿಯನ್ನೂ ಹಬ್ಬಿಸಿದ. ಸ್ವಲ್ಪ ದಿನಕ್ಕೆ ಒಬ್ಬ ಫೌಜದಾರರು ಜೊತೆಗೆ ಪೇದೆಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಲಿಂಗಸುಗೂರಿಗೆ ಹೋಗಬೇಕಿದ್ದ ಹೊಸ ಪೆಟ್ಟಿಗೆ ಬಾಗಿಲಲ್ಲೇ ನಿಂತಿತ್ತು. ಬೀದಿಯ ಜನ ಸೇರಿದರು.

"ಇದನ್ನ ಸ್ಟೇಷನ್‌ಗೆ ಒಯ್ತೀವಿ" ಎಂದರು ಫೌಜದಾರರು.

"ಒಯ್ರಿ. ಅದಕ್ಕಿಂತ ಮೊದ್ಲ ಬಿಚ್ಚಿ ನೋಡ್ರಿ" ಎಂದು ಹಿಂದಿನ ಬಾಗಿಲು ತೆರೆದೆ. ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಒಯ್ದ ಪೇದೆಯನ್ನು ತಡೆದೆ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಜೀವ ಹೋಗುವಷ್ಟು ಶಾಕ್ ಉಳಿದಿರುತ್ತದೆ. "ಇಲ್ಲಿ ರೊಕ್ಕ ಒಳಗ ಬೀಳ್ತೈತಿ. ಆಡಿದ್ದಕ್ಕ ಬಾಡಿಗಿ. ರೊಕ್ಕ ಹೊರಗ ಬರೋ ದಾರಿ ಎಲ್ಲೈತಿ, ನೀವ ತೋರಸ್ರಿ."

ಬ್ಯಾಟರಿ ಹಾಕಿ ಹುಡುಕಿದರು. ಇಲ್ಲದ್ದು ಎಲ್ಲಿ ಸಿಗಬೇಕು? ಫೌಜದಾರರು ದನಿ ತಗ್ಗಿಸಿ, "ಹೆಣ್ಮಗಳಾಗಿ ಇಂಥ ದಂಧೆ ಯಾಕ ಬೇಕವ್ವ?" ಎಂದರು.

"ಇಂಥದ್ದು ಅಂದ್ರ ಎಂಥದ್ರಿ? ಜನದ ಮುಂದ ಬಂದೀರಿ, ಜನದ ಮುಂದ ಹೇಳ್ರಿ. ಇದು ಜೂಜಿನ ಪೆಟ್ಟಿಗಿ ಹೌದೋ ಅಲ್ಲೋ?"

ಅವರು ಸೇರಿದ ಜನರ ಕಡೆ ನೋಡಿದರು. ಕೊನೆಗೆ, "ಅಲ್ಲ" ಎಂದರು. ಆ ಒಂದು ಮಾತಿಗಾಗಿಯೇ ನಾನು ಅಷ್ಟೊಂದು ಗಟ್ಟಿಯಾಗಿ ನಿಂತಿದ್ದೆ. ಅವರು ಹೋದ ಮೇಲೆ ಪೆಟ್ಟಿಗೆಯ ಹಿಂದಿನ ಬಾಗಿಲು ಮುಚ್ಚಿ ಸ್ಕ್ರೂ ಬಿಗಿದೆ.

ಆದರೆ ಸುದ್ದಿಗೆ ಇರುವ ಕಾಲು ಅದನ್ನು ಅಲ್ಲಗಳೆದ ಮಾತಿಗೆ ಇರುವುದಿಲ್ಲ. ಲಿಂಗಸುಗೂರಿನವರು ಪೆಟ್ಟಿಗೆ ಬೇಡವೆಂದರು. ಉಳಿದವರೂ ಒಬ್ಬೊಬ್ಬರಾಗಿ ಕೈ ಬಿಟ್ಟರು. ವಿರುಪಣ್ಣನ ಅಂಗಡಿಗೂ ಮುಂದೆ ಬೀಗ ಬಿತ್ತು, ಆದರೆ ಅದರಿಂದ ನನಗೇನೂ ಬರಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು, ಗೇಮ್ ಅಂಗಡಿಗಳ ಕಾಲವೇ ಮುಗಿಯಿತು. ನಾನು ಮಿಕ್ಸರ್, ಇನ್ವರ್ಟರ್, ಹೊಲದ ಪಂಪಿನ ಸ್ಟಾರ್ಟರ್ ರಿಪೇರಿ ಮಾಡಿ ಅಂಗಡಿ ನಡೆಸಿದೆ. ವಿರುಪಣ್ಣ ಕೇಳಿದ್ದನ್ನು ಮಾಡಿಕೊಟ್ಟಿದ್ದರೆ ಮಾಳಿಗೆ ಕಟ್ಟುತ್ತಿದ್ದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ತಗಡು ಹೊದಿಸಿದ ನನ್ನ ಪತ್ರಾಸಿನ ಮನೆ ನನಗೆ ಸಾಕು. ಆಡುವವನ ಕೈಗೆ ಬೆಲೆಯಿಲ್ಲದ ಪೆಟ್ಟಿಗೆಯನ್ನು ಇವತ್ತು ಕೇಳಿದರೂ ಮಾಡಿಕೊಡುವುದಿಲ್ಲ.

ನಾನು ಅಂಗಡಿ ನಿಲ್ಲಿಸುವುದಕ್ಕೆ ಸ್ವಲ್ಪ ದಿನ ಮೊದಲು ಹಟ್ಟಿಯಿಂದ ಸುಜಾತಾ ಎಂಬ ಹೆಣ್ಣುಮಗಳು ಬಂದಳು. ಲಿಂಗಸುಗೂರಿನಲ್ಲಿ ಶಾಲಾ ಶಿಕ್ಷಕಿ. "ಜೈ ಭೀಮ್ ಅಕ್ಕಾರ" ಎಂದು ಕೈ ಮುಗಿದು ಕೂತಳು. ಅವಳ ತಂದೆ ದುರುಗಪ್ಪನವರು ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಪಾಳಿ ಮುಗಿಸಿ ಬಂದು ಹಟ್ಟಿಯ ಗೇಮ್ ಅಂಗಡಿಯಲ್ಲಿ ವಿಮಾನದ ಆಟ ಆಡುವುದೆಂದರೆ ಅವರಿಗೆ ಪ್ರಾಣ. ಹಗಲೆಲ್ಲ ನೆಲದೊಳಗಿದ್ದು ಬಂದವರಿಗೆ ಆಕಾಶದ ಆಟ. ನಿವೃತ್ತಿಯ ಮೇಲೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು.

ಅಪ್ಪನಿಗೆ ಬೇಸರ ಕಳೆಯಲೆಂದು ಸುಜಾತಾ ಆನ್‌ಲೈನಿನಲ್ಲಿ ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಪೆಟ್ಟಿಗೆ ಕೂಡಿಸಿದ್ದಳು. ಎಲ್ಲ ಸರಿಯಾಗಿತ್ತು, ಎಡಕ್ಕೆ ಕೋಲು, ಬಲಕ್ಕೆ ಗುಂಡಿಗಳು. ದುರುಗಪ್ಪನವರು ಎಡಗೈಯಿಂದ ವಿಮಾನ ಹಾರಿಸುತ್ತಿದ್ದರು. ಗುಂಡು ಹೊಡೆಯಲು ಬಲಗೈ ಇರಲಿಲ್ಲ. ಪ್ರತಿ ಆಟವೂ ಶುರುವಾದ ಕೂಡಲೇ ಮುಗಿಯುತ್ತಿತ್ತು. ಒಂದು ದಿನ ಅವರೇ ಪೆಟ್ಟಿಗೆಯ ಮೇಲೆ ಪಂಜೆ ಹೊದಿಸಿಬಿಟ್ಟರಂತೆ.

"ಪೆಟ್ಟಿಗಿ ಸರಿ ಐತ್ರಿ ಅಕ್ಕಾರ, ನಮ್ಮ ಅಪ್ಪನ ಕೈನ ಸರಿ ಇಲ್ಲ" ಎಂದಳು.

"ಅಪ್ಪನ ಕೈ ಇದ್ದಂಗ ಐತಿ ತಂಗಿ. ಪೆಟ್ಟಿಗಿ ಸರಿ ಇಲ್ಲ" ಎಂದೆ.

ಅವಳು ಕಿಟ್ ಮಾರಿದವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಹಲಗೆಗೆ ಹೊಸ ತೂತು ಹಾಕಿದರೆ ಗ್ಯಾರಂಟಿ ಹೋಗುತ್ತದೆ, ಎಲ್ಲ ಕಡೆ ಇದೇ ಜೋಡಣೆ ನಡೆಯುವುದು ಎಂದ. ಗ್ಯಾರಂಟಿ ನಿಮ್ಮ ಹತ್ತಿರವೇ ಇರಲಿ ಎಂದು ಫೋನ್ ಇಟ್ಟೆ.

ಹಟ್ಟಿಗೆ ಹೋಗಿ ಮೊದಲು ದುರುಗಪ್ಪನವರ ಎಡಗೈ ಹಿಡಿದು ನೋಡಿದೆ. ಕಬ್ಬಿಣ ಹಿಡಿದು ಬಲಿತ ಕೈ. ಕಿಟ್‌ನಲ್ಲಿ ಬಂದ ಕೋಲು ಆ ಹಿಡಿತಕ್ಕೆ ಹುಲ್ಲುಕಡ್ಡಿ. ಸ್ವಲ್ಪ ಒತ್ತಿದರೂ ವಿಮಾನ ಅಂಚಿಗೆ ಹಾರಿಬಿಡುತ್ತಿತ್ತು. ಬಿರುಸಾದ ಸ್ಪ್ರಿಂಗ್ ಹಾಕಿ, ತುದಿಯ ಉರುಟು ಗುಂಡು ತೆಗೆದು, ಮುಷ್ಟಿ ತುಂಬುವ ಉದ್ದನೆಯ ಹಿಡಿಕೆ ಕೂಡಿಸಿದೆ. ಹೊಡೆಯುವ ಗುಂಡಿಯನ್ನು ಹಿಡಿಕೆಯ ತಲೆಗೇ ಇಟ್ಟು ನೋಡಿದೆ. ಹೆಬ್ಬೆರಳು ಒತ್ತಿದಾಗಲೆಲ್ಲ ಕೋಲು ಅಲುಗಿ ವಿಮಾನ ತೊನೆಯುತ್ತಿತ್ತು.

"ಬ್ಯಾಡ ಬಿಡವ್ವ, ಕೈ ಒಂದಾ ಉಳದೈತಿ. ಒಂದು ಕೈಗೆ ಎಷ್ಟಂತ ಕೆಲಸ ಹೇಳ್ತಿ" ಎಂದರು ದುರುಗಪ್ಪನವರು.

"ಕಾಲು ಒಂದು ಉಳದೈತಲ್ರಿ" ಎಂದೆ. ಅದು ಬಾಯಿಂದ ಬಂದ ಮೇಲೆಯೇ ನನಗೂ ಹೊಳೆದದ್ದು.

ನನ್ನ ಗಂಡ ಟೇಲರ್. ಮನೆಯಲ್ಲಿ ಒಂದು ಹಳೇ ಹೊಲಿಗೆ ಮಷೀನಿನ ಕಾಲುಪಟ್ಟಿ ಇತ್ತು. ಅದು ಮುಂಗಾಲಿಗೂ ತೂಗುತ್ತದೆ, ಹಿಮ್ಮಡಿಗೂ ತೂಗುತ್ತದೆ. ಬಿಮಲ್ ಅದಕ್ಕೊಂದು ಗಿಡ್ಡ ಮಣೆ ಮಾಡಿದ. ಮುಂದೆ ಒಂದು ಮೈಕ್ರೋಸ್ವಿಚ್, ಹಿಂದೆ ಒಂದು. ಮುಂಗಾಲು ಒತ್ತಿದರೆ ಗುಂಡು, ಹಿಮ್ಮಡಿ ಒತ್ತಿದರೆ ಬಾಂಬು. ನಡುವೆ ಸಮ ನಿಲ್ಲಲು ಎರಡೂ ಕಡೆ ಸ್ಪ್ರಿಂಗ್. ಕಾಲ ಬುಡಕ್ಕೆ ಬರುವ ತಂತಿಯಲ್ಲಿ ಯಾವತ್ತೂ ಮನೆಯ ಕರೆಂಟ್ ಇರಬಾರದು. ಮೊಬೈಲ್ ಚಾರ್ಜರಿನಷ್ಟು ಸಣ್ಣ ವಿದ್ಯುತ್ ಮಾತ್ರ. ಇದನ್ನು ಹೊಸಬರು ಗಟ್ಟಿಯಾಗಿ ನೆನಪಿಡಬೇಕು.

ಮೊದಲ ದಿನ ಮಣೆ ನುಣುಪು ನೆಲದ ಮೇಲೆ ಜಾರಿ ಓಡಿತು. ಸೈಕಲ್ ಟ್ಯೂಬ್ ಕತ್ತರಿಸಿ ತಳಕ್ಕೆ ಅಂಟಿಸಿದೆವು. ಆಮೇಲೆ ದುರುಗಪ್ಪನವರೇ ಒಂದು ದೋಷ ಹಿಡಿದರು: "ಒತ್ತಿತೋ ಇಲ್ಲೋ ಕಾಲಿಗೆ ಗೊತ್ತಾಗವಲ್ದವ್ವ. ಬೆರಳಿಗೆ ಗೊತ್ತಾಗ್ತಿತ್ತು." ಮೆತ್ತನೆಯ ಸ್ವಿಚ್ ತೆಗೆದು, ಜೋರಾಗಿ ಟಕ್ ಎನ್ನುವ ಬಿರುಸು ಸ್ವಿಚ್ ಹಾಕಿದೆ. ಬೆರಳಿಗೆ ಬೇಡವಾದ ಬಿರುಸು ಕಾಲಿಗೆ ಬೇಕಾಯಿತು. ಸಂಜೆಗಳಲ್ಲಿ ಸುಜಾತಾ ಅಪ್ಪನ ಎದುರು ತಾನೂ ಅದೇ ಕೋಲು, ಅದೇ ಪಟ್ಟಿಯಲ್ಲಿ ಆಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲು ಎಂದು ನನಗೆ ಫೋನಿನಲ್ಲಿ ಹೇಳುತ್ತಿದ್ದಳು.

ಬಲಗೈ ಸರಿಹೋಯಿತೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಇಲ್ಲ. ಸರಿಹೋಗಲಿಲ್ಲ. ನಾನು ವೈದ್ಯಳಲ್ಲ, ನನ್ನ ಪೆಟ್ಟಿಗೆ ಔಷಧಿಯೂ ಅಲ್ಲ. ಅವರಿಗೆ ಆಡಬೇಕಿತ್ತು, ಆಡುವಂತಾಯಿತು.

ಒಂದು ಭಾನುವಾರ ಅವರ ಪಾಳಿಯ ಹಳೇ ಗೆಳೆಯರು ಮನೆಗೆ ಬಂದರು. ನಾನೂ ಹೋಗಿದ್ದೆ, ಸ್ಪ್ರಿಂಗ್ ನೋಡಲು. ಅವರಲ್ಲಿ ಅಯ್ಯಪ್ಪ ಎಂಬುವವರು ದುರುಗಪ್ಪನವರು ಆಡುವುದನ್ನು ನೋಡಿ, "ಕಾಲಲೆ ಆಡೋದು ಒಂದು ಆಟ ಏನಲೇ ದುರುಗಾ? ನಿನ್ನ ಸಲುವಾಗಿ ಸಸಾರ ಮಾಡ್ಯಾರ, ಸಣ್ಣ ಹುಡುಗರೂ ಗೆಲ್ಲೂವಂಗ" ಎಂದರು.

ದುರುಗಪ್ಪನವರು ಕುರ್ಚಿಯಿಂದ ಕಷ್ಟಪಟ್ಟು ಎದ್ದರು. ಮಗಳು ಹಿಡಿಯಲು ಬಂದರೆ ಬೇಡವೆಂದರು. "ಬಾ, ಕುಂದ್ರು. ಬಲಗೈ ಬೆನ್ನ ಹಿಂದ ಇಟ್ಕೊ. ಬಲಗಾಲು ಎತ್ತಬ್ಯಾಡ. ಸಸಾರ ಐತಿ, ಆಡು."

ಅಯ್ಯಪ್ಪ ಕೂತರು. ಕೈ ಒಂದು ಕಡೆ ಹೋದರೆ ಕಾಲು ಮರೆತರು, ಕಾಲು ನೆನಪಾದಾಗ ವಿಮಾನ ಬಿದ್ದಿತ್ತು. ಇನ್ನೊಬ್ಬರು ಕೂತರು, ಅವರದೂ ಅದೇ ಗತಿ. ಬಂದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಸೋತೆದ್ದರು. ದುರುಗಪ್ಪನವರು ಮತ್ತೆ ಕೂತು ಎಲ್ಲರಿಗಿಂತ ದೂರ ಹಾರಿದರು. ಅಯ್ಯಪ್ಪ ಬಾಗಿ ಕಾಲುಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಸುಜಾತಾ, ನೀ ಕುಂದ್ರು" ಎಂದರು ದುರುಗಪ್ಪನವರು.

ಅವಳು ಹಿಂಜರಿದಳು. ಅವಳಿಗೆ ಅಪ್ಪನಷ್ಟೇ ರೂಢಿಯಾಗಿತ್ತು ಎಂದು ನನಗೂ ಗೊತ್ತಿತ್ತು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಆಡು ಎಂದೆ. ಬೇಕೆಂದೇ ಸೋಲಬೇಡ ಎಂದೂ ಹೇಳಿದೆ. ಅವಳು ಬಲಗೈ ಬೆನ್ನ ಹಿಂದೆ ಕಟ್ಟಿ ಕೂತಳು, ಆಡಿದಳು, ಅಪ್ಪನ ಅಂಕ ದಾಟಿದಳು. ಆಟ ಮುಗಿದಾಗ ತಲೆ ತಗ್ಗಿಸಿ ಕೂತುಬಿಟ್ಟಳು. ಗೆಳೆಯರೂ ನೆಲ ನೋಡಿದರು.

ದುರುಗಪ್ಪನವರು ನಕ್ಕರು. ಲಕ್ವಾ ಹೊಡೆದ ಮುಖದ ಒಂದೇ ಬದಿ ನಗುತ್ತಿತ್ತು, ಆದರೆ ನಗು ಪೂರ್ತಿ ಇತ್ತು.

"ಇಷ್ಟು ದಿನ ಪೆಟ್ಟಿಗಿ ನನ್ನ ಸೋಲಸ್ತಿತ್ತು. ಇವತ್ತ ಮನಷ್ಯಾರು ಸೋಲಿಸ್ಯಾರ" ಎಂದರು. "ಏಳು, ಜಾಗ ಬಿಡು. ಇನ್ನೊಂದು ಆಟ ಹಚ್ಚು."